ಒಂಟಿ ನಾವಿಕರು ದಿನಕ್ಕೆ ಇಪ್ಪತ್ತೇ ನಿಮಿಷ ಮಲಗುತ್ತಾರಾ? ಸಮುದ್ರದ ನೀರನ್ನೇ ಕುಡಿಯುತ್ತಾರಾ?

ಕಳೆದ ತಿಂಗಳು ಒಂದೇ ಫಾರ್ವರ್ಡ್ ನಮಗೆ ಐದಾರು ಓದುಗರಿಂದ ಬಂತು. ಮೇಲೆ ನಡುಸಮುದ್ರದಲ್ಲಿ ಹೋಗುತ್ತಿರುವ ಹಾಯಿದೋಣಿಯ ಚಿತ್ರ, ಕೆಳಗೆ ಉದ್ದನೆಯ ಬರಹ. ಅದರ ಸಾರ ಇಷ್ಟು: ನಮ್ಮ ನೌಕಾಪಡೆಯ ಅಧಿಕಾರಿಯೊಬ್ಬರು ಒಬ್ಬರೇ ಐದು ತಿಂಗಳು ಹಾಯಿದೋಣಿ ನಡೆಸಿ ಭೂಮಿ ಸುತ್ತಿದರು, ದಿನಕ್ಕೆ 20 ನಿಮಿಷ ಮಾತ್ರ ನಿದ್ದೆ ಮಾಡುತ್ತಿದ್ದರು, ಸಮುದ್ರದ ನೀರನ್ನೇ ಕುಡಿದು ಬದುಕಿದರು. ಆದ್ದರಿಂದ ಮಕ್ಕಳೇ, ಎಂಟು ಗಂಟೆ ನಿದ್ದೆ ಎನ್ನುವುದು ಸೋಮಾರಿಗಳ ಮಾತು. ಕೊನೆಯಲ್ಲಿ ಎಂದಿನಂತೆ, ಪರೀಕ್ಷೆ ಬರೆಯುವ ಎಲ್ಲ ಮಕ್ಕಳಿಗೂ ತಲುಪಿಸಿ ಅಂತ ಒಂದು ಸಾಲು.

ಇದನ್ನು ಓದಿ ನಕ್ಕು ಬಿಟ್ಟುಬಿಡುತ್ತಿದ್ದೆವೇನೋ. ಆದರೆ ನಮ್ಮ ತಂಡದ ಗೆಳತಿಯೊಬ್ಬರ ಚಿಕ್ಕಮ್ಮನ ಮಗ ಅದನ್ನು ನಂಬಿಬಿಟ್ಟಿದ್ದ. ಎರಡನೇ ಪಿಯುಸಿ, ಮುಂದೆ ಸಿಇಟಿ. ಮೊಬೈಲಿನಲ್ಲಿ 20 ನಿಮಿಷಕ್ಕೊಂದು ಅಲಾರಾಂ ಇಟ್ಟುಕೊಂಡು ರಾತ್ರಿಯಿಡೀ ಓದಲು ಹೊರಟ. ಐದನೇ ದಿನ ಕಾಲೇಜಿನಿಂದ ಮನೆಗೆ ಬರುವಾಗ ಬಸ್ಸಿನಲ್ಲಿ ನಿಂತಲ್ಲೇ ತೂಕಡಿಸಿ, ಆಮೇಲೆ ಸೀಟು ಸಿಕ್ಕಿ ಮಲಗಿ, ಡಿಪೋದಲ್ಲಿ ಕಂಡಕ್ಟರ್ ಎಬ್ಬಿಸಿದಾಗಲೇ ಅವನಿಗೆ ಎಚ್ಚರ. ಬೈದಿದ್ದಕ್ಕೆ ಅವನು ಕೇಳಿದ್ದು: "ಅಕ್ಕಾ, ನೇವಿಯವರಿಗೆ ಆಗುತ್ತೆ ಅಂದ್ರೆ ನಂಗ್ಯಾಕೆ ಆಗಲ್ಲ?"

ಪ್ರಶ್ನೆ ಸರಿಯಾಗಿಯೇ ಇದೆ. ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆಯುತ್ತಿದ್ದೇವೆ.

ಮೊದಲು, ನಿಜ ಎಷ್ಟು?

ಭೂಮಿ ಸುತ್ತಿದ್ದು ಖಂಡಿತ ನಿಜ. ನೌಕಾಪಡೆಯ ಅಭಿಲಾಷ್ ಟಾಮಿ 2012ರ ನವೆಂಬರ್ 1ರಂದು ಮುಂಬೈಯಿಂದ ಹೊರಟು, ಎಲ್ಲೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ, 2013ರ ಮಾರ್ಚ್ 31ರಂದು ಮುಂಬೈಗೆ ಮರಳಿದರು. ಹಾಗೆ ಮಾಡಿದ ಮೊದಲ ಭಾರತೀಯ ಅವರು. ಅದಕ್ಕೂ ಮೊದಲು 2009–10ರಲ್ಲಿ ದಿಲೀಪ್ ದೊಂಡೆ ನಾಲ್ಕು ಬಂದರುಗಳಲ್ಲಿ ನಿಲ್ಲುತ್ತ ಒಬ್ಬರೇ ಭೂಮಿ ಸುತ್ತಿ ಬಂದಿದ್ದರು. ಇಬ್ಬರೂ ಹೋಗಿದ್ದು ಒಂದೇ ದೋಣಿಯಲ್ಲಿ, 56 ಅಡಿಯ 'ಮ್ಹಾದೇಯಿ'. ಗೋವಾದ ದಿವಾರ್ ದ್ವೀಪದಲ್ಲಿ ಕಟ್ಟಿದ ದೋಣಿ ಅದು. ಹೆಸರು ಎಲ್ಲೋ ಕೇಳಿದಂತಿದೆಯಾ? ಹೌದು, ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವಾಕ್ಕೆ ಇಳಿಯುವ, ನಮ್ಮಲ್ಲಿ ಕಳಸಾ-ಬಂಡೂರಿ ಮಾತು ಬಂದಾಗಲೆಲ್ಲ ಬರುವ ಮಹದಾಯಿಯೇ. ಅದೇ ಹೊಳೆಯ ಹೆಸರು ಹೊತ್ತ ದೋಣಿ ಎರಡು ಸಲ ಭೂಮಿಯನ್ನು ಸುತ್ತಿ ಬಂದಿದೆ.

ನಿಜ ಇಲ್ಲಿಗೆ ಮುಗಿಯಿತು. ಫಾರ್ವರ್ಡ್‌ನ ಉಳಿದ ಭಾಗ ಇಲ್ಲಿಂದ ದಾರಿ ತಪ್ಪುತ್ತದೆ.

ರಾತ್ರಿ ಲಂಗರು ಹಾಕಿ ಮಲಗಬಾರದೇ?

ಒಂಟಿ ನಾವಿಕರ ನಿದ್ದೆಯ ಮಾತು ಬಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಲಾರಿಯವರು ರಾತ್ರಿ ಢಾಬಾದ ಪಕ್ಕ ನಿಲ್ಲಿಸಿ ಮಲಗುವಂತೆ ದೋಣಿಯನ್ನು ಯಾಕೆ ನಿಲ್ಲಿಸಬಾರದು?

ಲಂಗರು ತಳ ಸಿಕ್ಕ ಕಡೆ ಮಾತ್ರ ಹಿಡಿಯುತ್ತದೆ. ಅದು ಹಿಡಿಯಬೇಕಾದರೆ ನೀರಿನ ಆಳದ ಐದರಿಂದ ಏಳು ಪಟ್ಟು ಉದ್ದದ ಹಗ್ಗ ಅಥವಾ ಸರಪಳಿ ಬಿಡಬೇಕು. ಮಹಾಸಾಗರದ ಸರಾಸರಿ ಆಳ ಸುಮಾರು 3,700 ಮೀಟರ್. ಅಂದರೆ ಹದಿನೆಂಟರಿಂದ ಇಪ್ಪತ್ತಾರು ಕಿಲೋಮೀಟರ್ ಹಗ್ಗ ಬೇಕು, ಅಷ್ಟು ಹೊರುವ ಸಣ್ಣ ದೋಣಿ ಯಾವುದೂ ಇಲ್ಲ. ಹಾಗಾಗಿ ನಡುಸಮುದ್ರದಲ್ಲಿ ದೋಣಿ ಹಗಲು-ರಾತ್ರಿ ಹೋಗುತ್ತಲೇ ಇರುತ್ತದೆ, ನಾವಿಕ ಎದ್ದಿರಲಿ, ಮಲಗಿರಲಿ.

ಹಾಗಾದರೆ ಮಲಗಿದಾಗ ಚುಕ್ಕಾಣಿ ಹಿಡಿಯುವವರು ಯಾರು? ಗಾಳಿಯೇ. ದೋಣಿಯ ಹಿಂಭಾಗದಲ್ಲಿ ಒಂದು ತೆಳುವಾದ ಹಲಗೆಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿರುತ್ತಾರೆ. ದೋಣಿ ದಾರಿ ಬಿಟ್ಟು ತಿರುಗಿದರೆ ಗಾಳಿ ಆ ಹಲಗೆಯ ಪಕ್ಕಕ್ಕೆ ಬಡಿದು ಅದನ್ನು ವಾಲಿಸುತ್ತದೆ. ಹಲಗೆ ವಾಲಿದರೆ ಅದಕ್ಕೆ ಜೋಡಿಸಿದ ನೀರೊಳಗಿನ ಹುಟ್ಟು ಸ್ವಲ್ಪ ತಿರುಗುತ್ತದೆ. ಹರಿಯುವ ನೀರು ಆ ಹುಟ್ಟನ್ನು ಬಲವಾಗಿ ಪಕ್ಕಕ್ಕೆ ತಳ್ಳುತ್ತದೆ, ಹುಟ್ಟಿಗೆ ಕಟ್ಟಿದ ಹಗ್ಗ ಚುಕ್ಕಾಣಿಯನ್ನು ಎಳೆದು ದೋಣಿಯನ್ನು ಮತ್ತೆ ದಾರಿಗೆ ತರುತ್ತದೆ. ಕರೆಂಟ್ ಬೇಡ, ಬ್ಯಾಟರಿ ಬೇಡ. 1960ರಲ್ಲಿ ಅಟ್ಲಾಂಟಿಕ್ ದಾಟುವ ಮೊದಲ ಒಂಟಿ ಪಂದ್ಯ ಗೆದ್ದ ಫ್ರಾನ್ಸಿಸ್ ಚಿಚೆಸ್ಟರ್ ತಮ್ಮ ದೋಣಿಯ ಈ ಸಾಧನಕ್ಕೆ 'ಮಿರಾಂಡಾ' ಅಂತ ಹೆಸರೇ ಇಟ್ಟಿದ್ದರು. ಈಗಿನ ದೋಣಿಗಳಲ್ಲಿ ವಿದ್ಯುತ್ ಆಟೋಪೈಲಟ್ ಕೂಡ ಇರುತ್ತದೆ.

ಆದರೆ ಈ ಸಾಧನ ದೋಣಿಯ ದಿಕ್ಕನ್ನು ಮಾತ್ರ ನೋಡಿಕೊಳ್ಳುತ್ತದೆ, ಎದುರಿಗೆ ಹಡಗು ಬಂದರೆ ಅದಕ್ಕೆ ಗೊತ್ತಾಗುವುದಿಲ್ಲ. 20 ನಿಮಿಷದ ಕಥೆ ಹುಟ್ಟಿದ್ದು ಇಲ್ಲಿ.

20 ನಿಮಿಷ ಎಲ್ಲಿಂದ ಬಂತು?

ಒಂದು ಸಣ್ಣ ಲೆಕ್ಕ ಮಾಡೋಣ. ದೋಣಿಯಲ್ಲಿ ನಿಂತ ನಾವಿಕನ ಕಣ್ಣು ನೀರಿನಿಂದ ಎರಡೂವರೆ ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಭೂಮಿ ದುಂಡಗಿರುವುದರಿಂದ ಅವನಿಗೆ ಕಾಣುವ ದಿಗಂತ ಸುಮಾರು 6 ಕಿಲೋಮೀಟರ್ ದೂರದಲ್ಲಿರುತ್ತದೆ. ಎದುರಿಂದ ಬರುವ ಸರಕು ಹಡಗಿನ ಮೇಲ್ಭಾಗ 30 ಮೀಟರ್ ಎತ್ತರ ಇದ್ದರೆ, ಆಕಾಶ ತಿಳಿಯಾಗಿದ್ದಾಗ ಅದರ ತುದಿ 25 ಕಿಲೋಮೀಟರ್ ದೂರದಿಂದಲೇ ದಿಗಂತದ ಮೇಲೆ ಇಣುಕುತ್ತದೆ. ಹಡಗಿನ ವೇಗ ಗಂಟೆಗೆ 35 ಕಿಲೋಮೀಟರ್, ದೋಣಿಯದ್ದು 10. ಎದುರುಬದುರು ಬಂದರೆ ನಡುವಿನ ಅಂತರ ಗಂಟೆಗೆ 45 ಕಿಲೋಮೀಟರಿನಂತೆ ಕರಗುತ್ತದೆ. ಅಂದರೆ ಕಣ್ಣಿಗೆ ಕಂಡ ಕ್ಷಣದಿಂದ ಡಿಕ್ಕಿಯವರೆಗೆ ಇರುವ ಸಮಯ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಮೋಡ, ಮಳೆ, ಮಂಜಿದ್ದರೆ ಹತ್ತು-ಹನ್ನೆರಡು ಕಿಲೋಮೀಟರ್‌ಗೆ ಬಂದ ಮೇಲಷ್ಟೇ ಹಡಗು ಕಾಣುತ್ತದೆ. ಆಗ ಉಳಿಯುವುದು ಸುಮಾರು 15 ನಿಮಿಷ.

ನಾವಿಕ ಎದ್ದು, ಸುತ್ತ ಕಣ್ಣಾಡಿಸಿ, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಅಲಾರಾಂ ಇಟ್ಟು ಮಲಗುತ್ತಾನೆ. ಮತ್ತೆ ಏಳುವಷ್ಟರಲ್ಲಿ ಹಡಗೊಂದು ಮೈಮೇಲೆ ಬಂದಿರಬಾರದು. ಆ ಲೆಕ್ಕಕ್ಕೆ 20 ನಿಮಿಷ ಒಂದು ಹೊಂದಾಣಿಕೆ, ಅಷ್ಟೇ. ಮೆದುಳಿಗೆ 20 ನಿಮಿಷ ಸಾಕು ಅಂತ ಯಾರೋ ಕಂಡುಹಿಡಿದದ್ದರಿಂದ ಬಂದ ಅಂಕಿ ಅದಲ್ಲ. ಹಡಗುಗಳ ವೇಗ ಇನ್ನೂ ಕಡಿಮೆ ಇದ್ದಿದ್ದರೆ ನಾವಿಕರು 40 ನಿಮಿಷ ಮಲಗುತ್ತಿದ್ದರು, ನಮ್ಮ ಫಾರ್ವರ್ಡ್‌ನಲ್ಲೂ 40 ನಿಮಿಷವೇ ಇರುತ್ತಿತ್ತು!

ಇನ್ನೊಂದು ವಿಷಯ. ಅದು "ದಿನಕ್ಕೆ" 20 ನಿಮಿಷ ಅಲ್ಲ, "ಸಲಕ್ಕೆ" 20 ನಿಮಿಷ. ಹೀಗೆ ಮಲಗಿ ಎದ್ದು, ಮಲಗಿ ಎದ್ದು, ದಿನಕ್ಕೆ ಹನ್ನೆರಡು-ಹದಿನೈದು ಸಲ ಆದರೆ ಒಟ್ಟು ನಾಲ್ಕೈದು ಗಂಟೆ ನಿದ್ದೆ ಸಿಗುತ್ತದೆ. ಸಂದೇಶ ಕೈಯಿಂದ ಕೈಗೆ ಹೋಗುವಾಗ ಒಂದು ಪದ ಬದಲಾಗಿ ನಾಲ್ಕೈದು ಗಂಟೆ ಕಾಣೆಯಾಗಿದೆ.

ಅದೂ ಎಲ್ಲ ಕಡೆ ಅಲ್ಲ. ಕರಾವಳಿ, ಮೀನುಗಾರಿಕೆಯ ಜಾಗ, ಹಡಗುಗಳ ದಾರಿ ಇವುಗಳ ಹತ್ತಿರ ಮಾತ್ರ ಇಷ್ಟು ಸಣ್ಣ ನಿದ್ದೆ. ಆಫ್ರಿಕಾ, ಆಸ್ಟ್ರೇಲಿಯಾಗಳ ದಕ್ಷಿಣಕ್ಕೆ ಇಳಿದರೆ ವಾರಗಟ್ಟಲೆ ಒಂದು ಹಡಗೂ ಕಾಣದಿರಬಹುದು. ಅಲ್ಲಿ ಹವಾಮಾನ ಬಿಟ್ಟುಕೊಟ್ಟರೆ ಒಂದೂವರೆ-ಎರಡು ಗಂಟೆ ಒಟ್ಟಿಗೆ ಮಲಗುತ್ತಾರೆ. ಸಿಕ್ಕಾಗ ಹೆಚ್ಚು ಮಲಗಿ ಸಾಲ ತೀರಿಸಿಕೊಳ್ಳುವುದು ಅವರ ಶಿಸ್ತಿನ ಭಾಗ. ನಿದ್ದೆಯನ್ನು ಕಡಿಮೆ ಮಾಡುವುದು ಯಾವ ನಾವಿಕನ ಗುರಿಯೂ ಅಲ್ಲ. ಒಡೆದ ನಿದ್ದೆಯಲ್ಲಿ ಆದಷ್ಟು ಹೆಚ್ಚು ಹೇಗೆ ಗಿಟ್ಟಿಸುವುದು ಅನ್ನುವುದೇ ಅವರ ಚಿಂತೆ.

ಇಬ್ಬರಿದ್ದರೆ ಈ ಚಿಂತೆಯೇ ಬೇರೆ. 2024ರ ಅಕ್ಟೋಬರ್‌ನಿಂದ 2025ರ ಮೇ ವರೆಗೆ ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಮಹಿಳಾ ಅಧಿಕಾರಿಗಳು 'ತಾರಿಣಿ' ದೋಣಿಯಲ್ಲಿ ಗೋವಾದಿಂದ ಹೊರಟು ಭೂಮಿ ಸುತ್ತಿ ಬಂದರಲ್ಲ, ಅಂಥ ಜೋಡಿ ಯಾನದಲ್ಲಿ ಒಬ್ಬರು ಪಹರೆಗೆ ನಿಂತರೆ ಇನ್ನೊಬ್ಬರು ನೆಮ್ಮದಿಯಾಗಿ ಮಲಗಬಹುದು. ಕಾಯಲು ಇನ್ನೊಂದು ಜೊತೆ ಕಣ್ಣು ಸಿಕ್ಕ ಕೂಡಲೇ 20 ನಿಮಿಷದ ಲೆಕ್ಕಕ್ಕೆ ಕೆಲಸವಿಲ್ಲ. ಅದು ದೇಹದ ನಿಯಮವೇ ಆಗಿದ್ದರೆ ಜೊತೆಗಾರರಿದ್ದಾಗಲೂ ಹಾಗೇ ಇರಬೇಕಿತ್ತು.

ನಿಮಗೆ ಆಶ್ಚರ್ಯವಾಗಬಹುದು, ಸಮುದ್ರದಲ್ಲಿ ಹಡಗುಗಳು ಡಿಕ್ಕಿಯಾಗದಂತೆ ತಡೆಯಲು 1972ರಲ್ಲಿ ಮಾಡಿಕೊಂಡ ಅಂತರರಾಷ್ಟ್ರೀಯ ನಿಯಮಗಳಲ್ಲಿ 5ನೆಯದು, ಪ್ರತಿಯೊಂದು ನೌಕೆಯೂ ಎಲ್ಲ ಸಮಯದಲ್ಲೂ ಕಣ್ಣು-ಕಿವಿ ತೆರೆದು ಕಾವಲಿರಬೇಕು ಎನ್ನುತ್ತದೆ. ಒಂಟಿ ನಾವಿಕ ಮಲಗಿದ ಪ್ರತಿ ಸಲವೂ ಈ ನಿಯಮ ಮುರಿದಂತೆಯೇ. ಪಂದ್ಯಗಳು ನಡೆಯುತ್ತಿವೆ, ಜಗತ್ತು ಕಂಡೂ ಕಾಣದಂತಿದೆ.

ಕಡಿಮೆ ನಿದ್ದೆಗೆ ತೆತ್ತ ಬೆಲೆ

ಫಾರ್ವರ್ಡ್‌ನಲ್ಲಿ ಇರದ ಭಾಗ ಇದು.

2021ರ ಜನವರಿ 27ರ ರಾತ್ರಿ. ವಾಂಡೇ ಗ್ಲೋಬ್ ಎಂಬ ಒಂಟಿ ಭೂಪ್ರದಕ್ಷಿಣೆಯ ಪಂದ್ಯದಲ್ಲಿ ಜರ್ಮನಿಯ ಬೋರಿಸ್ ಹೆರ್ಮನ್ ಮುಂಚೂಣಿಯಲ್ಲಿದ್ದರು. 80 ದಿನ ಕಳೆದಿತ್ತು, ಫ್ರಾನ್ಸಿನ ಗುರಿ ತಲುಪಲು ಸುಮಾರು 165 ಕಿಲೋಮೀಟರ್ ಮಾತ್ರ ಬಾಕಿ. ಅವರು ಮಲಗಿದ್ದಾಗ ದೋಣಿ ಮೀನುಗಾರಿಕಾ ಹಡಗೊಂದಕ್ಕೆ ಡಿಕ್ಕಿ ಹೊಡೆಯಿತು. ರಾಡಾರ್ ಇತ್ತು, ಹತ್ತಿರದ ಹಡಗುಗಳನ್ನು ಗುರುತಿಸುವ ರೇಡಿಯೊ ವ್ಯವಸ್ಥೆಯೂ ಇತ್ತು. ಆದರೂ ಯಾವ ಎಚ್ಚರಿಕೆಯ ಗಂಟೆಯೂ ಅವರನ್ನು ಎಬ್ಬಿಸಲಿಲ್ಲ. ಅದೃಷ್ಟಕ್ಕೆ ಪ್ರಾಣಾಪಾಯ ಆಗಲಿಲ್ಲ. ಒಡೆದ ದೋಣಿಯಲ್ಲೇ ನಿಧಾನವಾಗಿ ಗುರಿ ಮುಟ್ಟಿದರು, ಗೆಲ್ಲುವ ಆಸೆ ಮಾತ್ರ ಅಲ್ಲೇ ಮುಗಿಯಿತು.

ನಿದ್ದೆಗೆಟ್ಟ ನಾವಿಕರಿಗೆ ಇಲ್ಲದ ದನಿಗಳು ಕೇಳಿಸುತ್ತವೆ, ಇಲ್ಲದ ಮನುಷ್ಯರು ಕಾಣಿಸುತ್ತಾರೆ. ಒಬ್ಬರೇ ಭೂಮಿ ಸುತ್ತಿದವರಲ್ಲಿ ಜಗತ್ತಿಗೇ ಮೊದಲಿಗರಾದ ಜೋಶುವಾ ಸ್ಲೋಕಮ್ (1895ರಿಂದ 1898ರವರೆಗೆ ಅವರ ಯಾನ ನಡೆಯಿತು) ಅಟ್ಲಾಂಟಿಕ್‌ನಲ್ಲಿ ಹೊಟ್ಟೆನೋವಿನಿಂದ ಬಿದ್ದಿದ್ದಾಗ ಚುಕ್ಕಾಣಿಯ ಬಳಿ ಒಬ್ಬ ಅಪರಿಚಿತ ನಿಂತಿದ್ದನ್ನು ಕಂಡರಂತೆ. ಆತ ತನ್ನನ್ನು ಕೊಲಂಬಸ್‌ನ 'ಪಿಂಟಾ' ಹಡಗಿನ ನಾವಿಕ ಎಂದು ಪರಿಚಯಿಸಿಕೊಂಡನಂತೆ! ಸ್ಲೋಕಮ್ ಇದನ್ನು ತಮಾಷೆಯಾಗಿಯೇ ಬರೆದಿದ್ದಾರೆ. ಚುಕ್ಕಾಣಿ ಬಿಟ್ಟು ಆ ಅಪರಿಚಿತನ ಜೊತೆ ಹೋಗಿಬಿಟ್ಟಿದ್ದರೆ ಬರೆಯಲು ಅವರೇ ಇರುತ್ತಿರಲಿಲ್ಲ.

ನೆಲದ ಮೇಲಿರುವ ನಮ್ಮ ಕಥೆಯೂ ಬೇರೆಯಲ್ಲ. 17ರಿಂದ 19 ಗಂಟೆ ನಿದ್ದೆಯಿಲ್ಲದೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು, ರಕ್ತದಲ್ಲಿ 0.05% ಮದ್ಯ ಇರುವವರಷ್ಟೇ ಕುಂದಿರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನಿನ ಮಿತಿ 0.03%. ಅಂದರೆ ಬೆಳಗ್ಗೆ 5ಕ್ಕೆ ಎದ್ದು ರಾತ್ರಿ 11ಕ್ಕೆ ಸ್ಕೂಟರ್ ಹತ್ತುವವರು, ಹನಿ ಕುಡಿಯದಿದ್ದರೂ, ಕುಡಿದು ಸಿಕ್ಕಿಬಿದ್ದವರಿಗಿಂತ ಕೆಟ್ಟ ಸ್ಥಿತಿಯಲ್ಲಿರಬಹುದು. ಪೊಲೀಸರು ಊದಿಸುವ ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ, ಅಷ್ಟೇ.

ಇನ್ನು ಓದಿನ ವಿಷಯ. ನಾವು ಮಲಗಿದಾಗ ಮೆದುಳು ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಹಗುರ ನಿದ್ದೆ, ಆಳ ನಿದ್ದೆ, ಕನಸಿನ ನಿದ್ದೆ ಹೀಗೆ ದಾಟುತ್ತ ಹೋಗುತ್ತದೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಕೆಲಸದ ಬಹುಪಾಲು ಈ ಸುತ್ತುಗಳಲ್ಲೇ ನಡೆಯುತ್ತದೆ. 20 ನಿಮಿಷಕ್ಕೊಮ್ಮೆ ಎಬ್ಬಿಸಿದರೆ ಸುತ್ತು ಪೂರ್ತಿಯಾಗುವುದೇ ಇಲ್ಲ. ಮಧ್ಯಾಹ್ನ 20 ನಿಮಿಷ ಕಣ್ಣು ಮುಚ್ಚಿದರೆ ಹಗುರವೆನಿಸುವುದು ನಿಜವೇ. ಅದು ರಾತ್ರಿ ನಿದ್ದೆಯ ಜೊತೆಗೆ ಸಿಗುವ ಹೆಚ್ಚುವರಿ ಲಾಭ, ರಾತ್ರಿ ನಿದ್ದೆಯ ಬದಲಿಗೆ ಕೊಡುವಂಥದ್ದಲ್ಲ. ನಿದ್ದೆಯನ್ನು ತುಂಡು ತುಂಡು ಮಾಡಿಕೊಳ್ಳುವ ಪದ್ಧತಿಗಳ ಬಗ್ಗೆ ಆಗಿರುವ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದ ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಶನ್‌ನ ತಜ್ಞರ ಸಮಿತಿ, ಅದರಿಂದ ಲಾಭವಿದೆ ಎನ್ನಲು ಆಧಾರವಿಲ್ಲ, ಬದಲಿಗೆ ಹಾನಿಯಿದೆ ಎಂದು 2021ರಲ್ಲಿ ಹೇಳಿದೆ. 13ರಿಂದ 18 ವರ್ಷದವರಿಗೆ ಬೇಕಾದ್ದು ದಿನಕ್ಕೆ 8ರಿಂದ 10 ಗಂಟೆ ನಿದ್ದೆ. ಪಿಯುಸಿ ಮಕ್ಕಳು ಇದೇ ವಯಸ್ಸಿನವರು.

ಕುಡಿಯುವ ನೀರು

ಸಮುದ್ರದ ನೀರಿನ ಮಾತಿಗೆ ಬರೋಣ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಎನ್ನುತ್ತದೆ. ಅಂದರೆ ಒಂದು ಲೀಟರ್ ಕುಡಿದರೆ ಒಂದು ವಾರದ ಉಪ್ಪು ಒಮ್ಮೆಗೇ ಒಳಗೆ ಹೋಯಿತು. ಅದನ್ನು ಮೂತ್ರದಲ್ಲಿ ಹೊರಹಾಕಬೇಕಾದ್ದು ಕಿಡ್ನಿ. ಆದರೆ ಮನುಷ್ಯನ ಕಿಡ್ನಿ ಸಮುದ್ರದ ನೀರಿನಷ್ಟು ಉಪ್ಪಾದ ಮೂತ್ರವನ್ನು ತಯಾರಿಸಲಾರದು. ಹಾಗಾಗಿ ಒಂದು ಲೀಟರ್ ಸಮುದ್ರದ ನೀರಿನ ಉಪ್ಪನ್ನು ಹೊರಹಾಕಲು ಒಂದು ಲೀಟರ್‌ಗಿಂತ ಹೆಚ್ಚು ನೀರು ಬೇಕಾಗುತ್ತದೆ, ಆ ಹೆಚ್ಚುವರಿ ನೀರನ್ನು ದೇಹ ತನ್ನ ಒಳಗಿನಿಂದಲೇ ಕೊಡಬೇಕು. ಕುಡಿದಷ್ಟೂ ದೇಹ ಒಣಗುತ್ತದೆ.

ಈ ಕಥೆಗೂ ಒಂದು ಬೇರಿದೆ. 1952ರಲ್ಲಿ ಅಲೈನ್ ಬೊಂಬಾರ್ ಎಂಬ ಫ್ರೆಂಚ್ ವೈದ್ಯರು ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಒಬ್ಬರೇ ಕ್ಯಾನರಿ ದ್ವೀಪಗಳಿಂದ ಹೊರಟು 65 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದರು. ಸ್ವಲ್ಪ ಸ್ವಲ್ಪ ಸಮುದ್ರದ ನೀರು, ಮೀನನ್ನು ಹಿಂಡಿದ ರಸ, ಮಳೆನೀರು ಇವುಗಳಿಂದ ಬದುಕಿದೆ ಎಂದರು. ಅವರ ತೂಕ ಸುಮಾರು 25 ಕಿಲೋ ಇಳಿದಿತ್ತು. ದಾರಿಯಲ್ಲಿ ಸಿಕ್ಕ ಹಡಗೊಂದನ್ನು ಹತ್ತಿ ಊಟವನ್ನೂ ಮಾಡಿದ್ದರು. ಆಮೇಲೆ ಅದೇ ಸಾಗರ ದಾಟಿದ ಜರ್ಮನ್ ವೈದ್ಯ ಹಾನೆಸ್ ಲಿಂಡೆಮನ್ ಇದನ್ನು ಒಪ್ಪಲಿಲ್ಲ. ಸಮುದ್ರದಲ್ಲಿ ಸಿಕ್ಕಿಬಿದ್ದವರು ಉಪ್ಪುನೀರು ಕುಡಿಯಬಾರದು ಎಂಬುದೇ ಈಗಿನ ಸಲಹೆ.

ಹಾಗಾದರೆ ಐದು ತಿಂಗಳಿಗೆ ನೀರು ಎಲ್ಲಿಂದ? ದಿನಕ್ಕೆ ಮೂರು ಲೀಟರ್ ಅಂದರೂ 450 ಲೀಟರ್ ಆಯಿತು, ಅಂದರೆ 450 ಕಿಲೋ ಭಾರ. ಸ್ವಲ್ಪ ಟ್ಯಾಂಕಿನಲ್ಲಿ ಒಯ್ಯುತ್ತಾರೆ, ಸ್ವಲ್ಪ ಮಳೆಯಿಂದ ಹಿಡಿಯುತ್ತಾರೆ. ಹಾಯಿಯ ಮೇಲೆ ಬಿದ್ದ ಮಳೆ ಕೆಳಗಿನ ಅಂಚಿಗೆ ಇಳಿಯುತ್ತದೆ, ಅಲ್ಲಿ ಬಕೆಟ್ ನೇತುಹಾಕಿರುತ್ತಾರೆ. ಮೊದಲ ಐದು ನಿಮಿಷದ ನೀರನ್ನು ಚೆಲ್ಲಬೇಕು, ಹಾಯಿಗೆ ಅಂಟಿದ ಉಪ್ಪೆಲ್ಲ ಅದರಲ್ಲಿರುತ್ತದೆ. ನಮ್ಮ ಮಳೆಕೊಯ್ಲಿನಲ್ಲಿ ಚಾವಣಿಯ ಮೊದಲ ನೀರನ್ನು ಬಿಟ್ಟುಬಿಡುವ ಹಾಗೆಯೇ. ಬ್ರಿಟನ್ನಿನ ರಾಬಿನ್ ನಾಕ್ಸ್-ಜಾನ್ಸ್ಟನ್ 1968–69ರಲ್ಲಿ 312 ದಿನ ನಿಲ್ಲದೆ ಯಾನ ಮಾಡಿ, ಒಂಟಿಯಾಗಿ ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ಮೊದಲಿಗರಾದರು. ಅವರ ದೋಣಿಯ ಟ್ಯಾಂಕಿನ ನೀರು ದಾರಿಯಲ್ಲೇ ಕೆಟ್ಟಿತ್ತು, ಮುಂದೆ ಅವರ ದಾಹ ತಣಿಸಿದ್ದು ಹೆಚ್ಚಾಗಿ ಮಳೆಯೇ. ಅವರ 32 ಅಡಿಯ 'ಸುಹೈಲಿ' ದೋಣಿ ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ್ದು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇವೆ, ಯಾಕೋ ಆ ವಿಷಯ ಫಾರ್ವರ್ಡ್ ಆಗುವುದೇ ಇಲ್ಲ.

ಈಗಿನ ಹಲವು ದೋಣಿಗಳಲ್ಲಿ ಉಪ್ಪು ತೆಗೆಯುವ ಯಂತ್ರ ಇರುತ್ತದೆ. ನಮ್ಮ ಅಡುಗೆಮನೆಯ ಆರ್‌ಒ ತತ್ವವೇ, ಆದರೆ ಒತ್ತಡ ಅದರ ಹತ್ತು ಪಟ್ಟು ಬೇಕು. ಮನೆಯ ಆರ್‌ಒಗೆ ಸಮುದ್ರದ ನೀರು ಸುರಿದರೆ ಏನೂ ಪ್ರಯೋಜನವಿಲ್ಲ, ಪ್ರಯತ್ನಿಸಲು ಹೋಗಬೇಡಿ.

ಸ್ನಾನ, ಪಾತ್ರೆ ಎಲ್ಲ ಸಮುದ್ರದ ನೀರಿನಲ್ಲೇ. ಮಾಮೂಲಿ ಸೋಪಿಗೆ ನೊರೆ ಬರುವುದಿಲ್ಲ. ಗಡಸು ಬೋರ್‌ವೆಲ್ ನೀರಿನಲ್ಲಿ ಸ್ನಾನ ಮಾಡಿದವರಿಗೆ ಇದು ಗೊತ್ತು, ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗಿಬಿಡುತ್ತವೆ. ಅದಕ್ಕೇ ಶಾಂಪೂ ಅಥವಾ ಪಾತ್ರೆ ತೊಳೆಯುವ ದ್ರವ ಬಳಸುತ್ತಾರೆ. ದೊಡ್ಡ ಕಾಟ ಆಮೇಲೆ ಶುರು. ಉಪ್ಪು ಹತ್ತಿದ ಬಟ್ಟೆ ಒಣಗುವುದೇ ಇಲ್ಲ. ಮಳೆಗಾಲದಲ್ಲಿ ಉಪ್ಪಿನ ಭರಣಿ ತನ್ನಷ್ಟಕ್ಕೆ ಒದ್ದೆಯಾಗುತ್ತದಲ್ಲ, ಹಾಗೆ ಬಟ್ಟೆಯಲ್ಲಿರುವ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಒದ್ದೆ ಬಟ್ಟೆಯಲ್ಲಿ ಕೂತು ಕೂತು ಚರ್ಮ ಉಜ್ಜಿ ಕುರು ಏಳುತ್ತವೆ. ನಾವಿಕರ ಅನುಭವ ಕಥನಗಳಲ್ಲಿ ಬಿರುಗಾಳಿಗಿಂತ ಹೆಚ್ಚು ಸಲ ಈ ಕುರುಗಳ ವಿಷಯವೇ ಬರುತ್ತದೆಯೇನೋ ಅನಿಸುತ್ತದೆ.

ಅಡುಗೆ, ಮತ್ತು ಉಳಿದ ದಿನ

ಒಲೆಯನ್ನು ಎರಡು ತಿರುಗಣೆಗಳ ಮೇಲೆ ತೂಗುಹಾಕಿರುತ್ತಾರೆ. ದೋಣಿ ಎಷ್ಟೇ ವಾಲಿದರೂ ಒಲೆ ತೊಟ್ಟಿಲಿನಂತೆ ತೂಗಿ ಮಟ್ಟವಾಗಿಯೇ ಇರುತ್ತದೆ. ಪ್ರೆಷರ್ ಕುಕ್ಕರ್ ನಾವಿಕರಿಗೆ ಅಚ್ಚುಮೆಚ್ಚು. ಗ್ಯಾಸ್ ಉಳಿತಾಯಕ್ಕಿಂತಲೂ, ಉರುಳಿದರೆ ಅನ್ನ-ಸಾರು ಮೈಮೇಲೆ ಚೆಲ್ಲದಂತೆ ಮುಚ್ಚಳ ಬಿಗಿಯಾಗಿರುತ್ತದೆ ಅನ್ನುವುದೇ ಕಾರಣ. ಅನ್ನಕ್ಕೆ, ಆಲೂಗಡ್ಡೆಗೆ ಎರಡು-ಮೂರು ಪಾಲು ಸಿಹಿನೀರಿಗೆ ಒಂದು ಪಾಲು ಸಮುದ್ರದ ನೀರು ಹಾಕುತ್ತಾರೆ, ಬೇರೆ ಉಪ್ಪು ಬೇಡ. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಉಳಿಯುವುದು ಈರುಳ್ಳಿ, ಆಲೂಗಡ್ಡೆ, ಕೋಸು. ಮೊಟ್ಟೆಗೆ ವ್ಯಾಸಲಿನ್ ಸವರಿ, ದಿನ ಬಿಟ್ಟು ದಿನ ಮಗುಚಿಟ್ಟರೆ ಅದೂ ವಾರಗಟ್ಟಲೆ ಬರುತ್ತದೆ. ಆಮೇಲೆ ಡಬ್ಬಿ ಮತ್ತು ಒಣಗಿಸಿದ ಪೊಟ್ಟಣದ ಊಟ. ನಮ್ಮ ಸೇನೆಗಾಗಿ ಇಂಥ ಪೊಟ್ಟಣದ ಉಪ್ಪಿಟ್ಟು, ಪುಲಾವ್‌ಗಳನ್ನು ರೂಪಿಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ.

ಹಸಿ ತರಕಾರಿ ಇಲ್ಲದೆ ಒಂದೆರಡು ತಿಂಗಳು ಕಳೆದರೆ ಸಿ ವಿಟಮಿನ್ ಕೊರತೆಯಿಂದ ವಸಡಿನಲ್ಲಿ ರಕ್ತ ಬರುವ ಸ್ಕರ್ವಿ ಶುರುವಾಗುತ್ತದೆ. ಹಿಂದೆ ಯುದ್ಧಕ್ಕಿಂತ ಹೆಚ್ಚು ನಾವಿಕರನ್ನು ಕೊಂದ ಕಾಯಿಲೆ ಅದು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ರೋಗಿಗಳ ಮೇಲೆ ಪ್ರಯೋಗ ಮಾಡಿ ಕಿತ್ತಳೆ, ನಿಂಬೆ ತಿಂದವರು ಬೇಗ ಚೇತರಿಸಿಕೊಂಡಿದ್ದನ್ನು ತೋರಿಸಿದರು. ಈಗ ಮಾತ್ರೆ ಇದೆ. ಜೊತೆಗೆ ಬಹಳ ನಾವಿಕರು ಮಾಡುವ ಕೆಲಸ ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೇ: ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿ ಮೊಳಕೆ ಬರಿಸುವುದು. ಒಣಕಾಳಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇರುವ ಸಿ ವಿಟಮಿನ್ ಮೊಳಕೆಯಲ್ಲಿ ಹುಟ್ಟಿಕೊಳ್ಳುತ್ತದೆ.

ಉಳಿದ ಹೊತ್ತಿನಲ್ಲಿ ಏನು ಮಾಡುತ್ತಾರೆ? ರಿಪೇರಿ. ಬೆಳಕು ಹರಿದ ಮೇಲೆ ದೋಣಿಯ ಸುತ್ತ ಒಂದು ಸುತ್ತು. ರಾತ್ರಿ ಹಾರಿ ಬಂದು ಬಿದ್ದ ಹಾರುಮೀನುಗಳನ್ನು ಎತ್ತುವುದು (ಕೆಲವರಿಗೆ ಅದೇ ತಿಂಡಿ), ಎಲ್ಲಿ ಹಗ್ಗ ಹಗ್ಗಕ್ಕೆ ಉಜ್ಜಿ ಸವೆದಿದೆ, ಎಲ್ಲಿ ಹಾಯಿಯ ಹೊಲಿಗೆ ಬಿಟ್ಟಿದೆ, ಎಲ್ಲಿ ನಟ್ಟು ಸಡಿಲವಾಗಿದೆ ನೋಡುವುದು. ದಿನಕ್ಕೆ ಸಾವಿರಾರು ಸಲ ತೂಗುವ ದೋಣಿಯಲ್ಲಿ ಪ್ರತಿ ಹಗ್ಗವೂ ಸಾವಿರಾರು ಸಲ ಉಜ್ಜುತ್ತದೆ. ಇಂದು ಕಾಣದ ಸವೆತ ನಾಳಿನ ಗಾಳಿಯಲ್ಲಿ ಹರಿಯುತ್ತದೆ. ಈ ಸುತ್ತು ಹಾಕುವಾಗ ಸೊಂಟದ ಪಟ್ಟಿಯನ್ನು ದೋಣಿಗೆ ಕಟ್ಟಿಕೊಂಡೇ ನಡೆಯಬೇಕು. ಒಂಟಿ ನಾವಿಕ ನೀರಿಗೆ ಬಿದ್ದರೆ ದೋಣಿ ನಿಲ್ಲಿಸುವವರಿಲ್ಲ, ಅದು ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಒಲಿಂಪಿಕ್ ಈಜುಗಾರರು 100 ಮೀಟರ್ ಓಟದಲ್ಲಿ ಮುಟ್ಟುವ ವೇಗವೂ ಗಂಟೆಗೆ 8 ಕಿಲೋಮೀಟರ್ ಒಳಗೆ.

ಇಷ್ಟೆಲ್ಲ ಎಚ್ಚರದ ನಡುವೆಯೂ ಸಮುದ್ರ ಕೆಲವೊಮ್ಮೆ ಲೆಕ್ಕಕ್ಕೆ ಸಿಗುವುದಿಲ್ಲ. ಅಭಿಲಾಷ್ ಟಾಮಿ 2018ರಲ್ಲಿ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ಹೋದರು. ಜಿಪಿಎಸ್ ಬಳಸದೆ, 1968ರ ಕಾಲದ ಉಪಕರಣಗಳಿಂದ, ಸೂರ್ಯ-ನಕ್ಷತ್ರ ನೋಡಿ ದಾರಿ ಹುಡುಕಬೇಕಾದ ಪಂದ್ಯ. ಗೋವಾದಲ್ಲಿ 'ಸುಹೈಲಿ'ಯ ಮಾದರಿಯಲ್ಲೇ ಕಟ್ಟಿದ 'ತುರಿಯಾ' ಅವರ ದೋಣಿ. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ದೋಣಿ ಪಲ್ಟಿಯಾಗಿ ಹಾಯಿಕಂಬಗಳು ಮುರಿದವು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ನಡೆಯಲಾಗದೆ ಮಲಗಿದ್ದವರನ್ನು ಮೂರು ದಿನದ ನಂತರ ಫ್ರಾನ್ಸಿನ 'ಒಸಿರಿಸ್' ಹಡಗಿನವರು ರಕ್ಷಿಸಿದರು. ಅಚ್ಚರಿ ಅಂದರೆ, 2022ರ ಅದೇ ಪಂದ್ಯಕ್ಕೆ ಅವರು ಮತ್ತೆ ಹೋದರು. 236 ದಿನಗಳ ಯಾನ ಮುಗಿಸಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಬಂದರು. ಎರಡು ದಿನ ಮೊದಲು ಬಂದು ಗೆದ್ದವರು ದಕ್ಷಿಣ ಆಫ್ರಿಕಾದ ಕಿರ್ಸ್ಟನ್ ನೋಯ್‌ಶೇಫರ್, ಭೂಮಿ ಸುತ್ತುವ ಒಂಟಿ ಪಂದ್ಯ ಗೆದ್ದ ಮೊದಲ ಮಹಿಳೆ.

ಒಂಟಿತನದಿಂದ ಹುಚ್ಚು ಹಿಡಿಯುವುದಿಲ್ಲವೇ?

ಇದೂ ಹಲವರು ಕೇಳಿದ ಪ್ರಶ್ನೆ. ನಾಕ್ಸ್-ಜಾನ್ಸ್ಟನ್ ಅವರನ್ನು ಯಾನಕ್ಕೆ ಮುಂಚೆ ಮತ್ತು 312 ದಿನ ಕಳೆದು ಬಂದ ಮೇಲೆ ಮನೋವೈದ್ಯರು ಪರೀಕ್ಷಿಸಿದ್ದರು. ಎರಡು ಸಲವೂ ಏನೂ ತೊಂದರೆ ಕಾಣಲಿಲ್ಲ. ಅದೇ ಪಂದ್ಯದಲ್ಲಿದ್ದ ಡೊನಾಲ್ಡ್ ಕ್ರೌಹರ್ಸ್ಟ್ ಅವರ ಕಥೆ ಬೇರೆ. ಸಾಲ ಮಾಡಿ ಹೊರಟಿದ್ದ ಅವರ ದೋಣಿ ದಕ್ಷಿಣದ ಸಾಗರಕ್ಕೆ ತಕ್ಕದ್ದಾಗಿರಲಿಲ್ಲ. ಅಟ್ಲಾಂಟಿಕ್‌ನಲ್ಲೇ ಉಳಿದು, ಭೂಮಿ ಸುತ್ತುತ್ತಿರುವಂತೆ ರೇಡಿಯೊದಲ್ಲಿ ಸುಳ್ಳು ಸ್ಥಳ ತಿಳಿಸುತ್ತಿದ್ದರು. 1969ರ ಜುಲೈನಲ್ಲಿ ಅವರ ದೋಣಿ ಸಿಕ್ಕಿತು, ಅವರು ಸಿಗಲಿಲ್ಲ. ಉಳಿದಿದ್ದ ದಿನಚರಿಯಲ್ಲಿ ಮನಸ್ಸು ಕದಡುತ್ತ ಹೋದದ್ದು ಕಾಣುತ್ತದೆ. ಒಂಟಿತನಕ್ಕಿಂತ, ಯಾರಿಗೂ ಹೇಳಿಕೊಳ್ಳಲಾಗದ ಸುಳ್ಳಿನ ಭಾರವೇ ಅವರನ್ನು ಮುಳುಗಿಸಿತು ಅಂತ ನಮಗನಿಸುತ್ತದೆ. ಪಂದ್ಯದಲ್ಲಿ ಗೆದ್ದ 5,000 ಪೌಂಡ್ ಹಣವನ್ನು ನಾಕ್ಸ್-ಜಾನ್ಸ್ಟನ್ ಕ್ರೌಹರ್ಸ್ಟ್ ಅವರ ಹೆಂಡತಿ-ಮಕ್ಕಳಿಗೆ ಕೊಟ್ಟರು.

ಇಷ್ಟನ್ನು ಚಿಕ್ಕದಾಗಿಸಿ, ಮೊದಲ ಸಲ ಫಾರ್ವರ್ಡ್ ಬಂದ ಆ ಕುಟುಂಬದ ಗುಂಪಿಗೇ ಕಳಿಸಿದೆವು. ಹುಡುಗ ಅಲಾರಾಂಗಳನ್ನು ತೆಗೆದುಹಾಕಿ, ರಾತ್ರಿ 10ಕ್ಕೆ ಮಲಗಿ ಬೆಳಗ್ಗೆ 6ಕ್ಕೆ ಏಳುತ್ತಿದ್ದಾನೆ ಎಂದು ಚಿಕ್ಕಮ್ಮ ಬರೆದರು. ನಮ್ಮ ಉದ್ದನೆಯ ವಿವರಣೆಯನ್ನೆಲ್ಲ ಓದಿದ ದೊಡ್ಡಪ್ಪನವರಿಂದ ಬಂದದ್ದು ಒಂದೇ ಪ್ರಶ್ನೆ: "ಎಲ್ಲ ಸರಿ ಕಣಮ್ಮಾ, ಕಕ್ಕಸು?"

ಬಕೆಟ್, ದೊಡ್ಡಪ್ಪ. ಅದರಲ್ಲಿ ಮೊದಲು ಸ್ವಲ್ಪ ಸಮುದ್ರದ ನೀರು ತುಂಬಿಕೊಳ್ಳಬೇಕು, ಒಂದು ಕೈಯಲ್ಲಿ ಸದಾ ದೋಣಿಯನ್ನು ಹಿಡಿದಿರಬೇಕು, ಕೊನೆಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡೇ ಚೆಲ್ಲಬೇಕು.